ನಾಯಿಗೆ ಮುದ್ದೆ ಹಾಕಿ, ಸಾರು ಬೇಡ

ಹಾಸನದ ಕಡೆ ನಾಯಿಗೆ ಬೇರೆ ಅಡುಗೆ ಅಂತಿಲ್ಲ. ಮಿಕ್ಕ ಮುದ್ದೆ, ಅದರ ಮೇಲೆ ಒಂದು ಸೌಟು ಸಾರು. ಮುದ್ದೆಯದೇನೂ ತಪ್ಪಿಲ್ಲ, ಚೆನ್ನಾಗಿ ಬೆಂದ ರಾಗಿ ನಾಯಿಗೆ ಜೀರ್ಣವಾಗುತ್ತದೆ. ತೊಂದರೆಯೆಲ್ಲ ಸಾರಿನದು. ಈರುಳ್ಳಿ, ಬೆಳ್ಳುಳ್ಳಿ ಬೆಂದರೂ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಚೂರು ಆರಿಸಿ ತೆಗೆದರೂ ರಸದಲ್ಲಿ ಇಳಿದದ್ದು ಹೋಗುವುದಿಲ್ಲ. ಕೆಲವು ದಿನಕ್ಕೆ ಒಸಡು ಬಿಳಿಚಿ, ಮೂತ್ರ ಕೆಂಪಾಗಿ, ನಾಯಿ ಮಂಕಾದರೆ ಎಲ್ಲರೂ ಟಿಕ್ ಫೀವರ್ (ಉಣ್ಣೆ ಕಚ್ಚಿ ಬರುವ ಜ್ವರ) ಎಂದುಬಿಡುತ್ತಾರೆ. ಎರಡರ ಲಕ್ಷಣವೂ ಹೋಲುವುದರಿಂದ ಡಾಕ್ಟರಿಗೆ ಊಟದ ವಿಷಯವನ್ನೂ ಹೇಳಬೇಕು.

ಅಂಗಡಿಯ ಒಣ ಆಹಾರಕ್ಕಿಂತ ಮನೆ ಅಡುಗೆಯಲ್ಲಿ ನೀರಿನಂಶ ಹೆಚ್ಚು, ಒಗ್ಗದ ಪದಾರ್ಥವನ್ನು ಬಿಡುವುದೂ ಸುಲಭ. 15 ಕೆ.ಜಿ. ತೂಗುವ ಬೆಳೆದ ನಾಯಿಗೆ ದಿನಕ್ಕೆ ಸುಮಾರು 800 ಕ್ಯಾಲೊರಿ ಬೇಕು. ರಾಗಿಹಿಟ್ಟು 120 ಗ್ರಾಂ, ಮೂಳೆಯಿಲ್ಲದ ಕೋಳಿಮಾಂಸ 200 ಗ್ರಾಂ, ಒಂದು ಮೊಟ್ಟೆ, ಸಿಹಿಗುಂಬಳ 100 ಗ್ರಾಂ, ಎಣ್ಣೆ ಎರಡು ಟೀಚಮಚ ಹಾಕಿದರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. ಖಾರ, ಮಸಾಲೆ ಬೇಡ. ಮುದ್ದೆ ಒಳಗೆ ಬಹಳ ಹೊತ್ತು ಬಿಸಿಯಾಗಿರುತ್ತದೆ, ನಾಯಿಯೂ ನಮ್ಮಂತೆ ಅಗಿಯದೆ ನುಂಗುತ್ತದೆ. ಪುಡಿ ಮಾಡಿ ಆರಿಸಿಯೇ ಹಾಕಿ.

'ರಾಗಿಯಲ್ಲೇ ಕ್ಯಾಲ್ಸಿಯಂ ಇದೆಯಲ್ಲ' ಎನ್ನುವವರಿದ್ದಾರೆ. ಇದೆ, 100 ಗ್ರಾಂಗೆ ಸುಮಾರು 350 ಮಿ.ಗ್ರಾಂ. ಆದರೆ ರಾಗಿಯಲ್ಲಿರುವ ಫೈಟೇಟ್ ಎಂಬ ಅಂಶ ಅದರಲ್ಲಿ ಒಂದು ಪಾಲನ್ನು ಮೈಗೆ ಸೇರಲು ಬಿಡುವುದಿಲ್ಲ. ಮಾಂಸದಲ್ಲಂತೂ ರಂಜಕ (ಫಾಸ್ಫರಸ್) ಹೆಚ್ಚು, ಕ್ಯಾಲ್ಸಿಯಂ ಇಲ್ಲವೆನ್ನುವಷ್ಟು ಕಡಿಮೆ. ರಂಜಕ ಒಂದು ಪಾಲಿದ್ದರೆ ಕ್ಯಾಲ್ಸಿಯಂ ಕನಿಷ್ಠ ಒಂದು ಪಾಲು ಇರಬೇಕು. ಊಟದಲ್ಲಿ ಸಿಗದಿದ್ದರೆ ದೇಹ ಅದನ್ನು ಮೂಳೆಯಿಂದಲೇ ಎಳೆದುಕೊಳ್ಳುತ್ತದೆ. ಬರೀ ಮಾಂಸ-ಅನ್ನ ತಿಂದ ಮರಿಗಳ ಕಾಲು ಸೊಟ್ಟಗಾಗುವುದು, ಸಣ್ಣ ನೆಗೆತಕ್ಕೇ ಮೂಳೆ ಮುರಿಯುವುದು ಹೀಗೆ.

ಇದಕ್ಕೆ ಮೊಟ್ಟೆಚಿಪ್ಪು ಸಾಕು. ತೊಳೆದು ಹತ್ತು ನಿಮಿಷ ಕುದಿಸಿ, ಒಣಗಿಸಿ, ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿ ಜರಡಿ ಹಿಡಿಯಿರಿ. ಅರ್ಧ ಟೀಚಮಚದಲ್ಲಿ ಸುಮಾರು 1 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಮೇಲಿನ ಊಟಕ್ಕೆ ದಿನಕ್ಕೆ ಅಷ್ಟೇ ಸಾಕು. ಬೆಂದ ಮೂಳೆ ಮಾತ್ರ ಬೇಡವೇ ಬೇಡ, ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ.

ಆದರೂ ಸತು, ಅಯೋಡಿನ್, ವಿಟಮಿನ್ ಡಿ, ಇ ಕೊರತೆ ಉಳಿಯುತ್ತದೆ. ನಾಯಿ ಬಿಸಿಲಲ್ಲಿ ಮಲಗಿದರೂ ಬೇಕಾದಷ್ಟು ವಿಟಮಿನ್ ಡಿ ಅದರ ಚರ್ಮದಲ್ಲಿ ತಯಾರಾಗುವುದಿಲ್ಲ. ಬರೀ ಕ್ಯಾಲ್ಸಿಯಂ ಸಿರಪ್ ಇದನ್ನೆಲ್ಲ ತುಂಬಿಸದು. ಮನೆ ಊಟಕ್ಕೆಂದೇ ಮಾಡಿದ ಖನಿಜ-ವಿಟಮಿನ್ ಪುಡಿಯನ್ನು ಡಾಕ್ಟರಿಂದ ಬರೆಸಿಕೊಳ್ಳಿ. ಅದರಲ್ಲಿ ಕ್ಯಾಲ್ಸಿಯಂ ಇದ್ದರೆ ಚಿಪ್ಪಿನ ಪುಡಿ ಎಷ್ಟು ಹಾಕಬೇಕೆಂದೂ ಕೇಳಿ. ಕೋಳಿ ಲಿವರ್ ವಾರಕ್ಕೆ 100 ಗ್ರಾಂ ಮೀರಬಾರದು, ವಿಟಮಿನ್ ಎ ಅತಿಯಾಗುತ್ತದೆ. ಒಂದು ವರ್ಷದೊಳಗಿನ ಮರಿಗೆ ಈ ಲೆಕ್ಕ ಸಲ್ಲದು. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ, ಮರಿಯ ತೂಕ ನೋಡಿಸಿ ಪಟ್ಟಿ ಬರೆಸಿಕೊಂಡು ಬನ್ನಿ.

ಹಳೆಯ ಊಟ ಒಂದೇ ದಿನ ಬದಲಿಸಿದರೆ ಭೇದಿಯಾಗುತ್ತದೆ. ಮೊದಲೆರಡು ದಿನ ಕಾಲು ಭಾಗ ಹೊಸದು, ಮುಂದಿನೆರಡು ದಿನ ಅರ್ಧ, ಹೀಗೆ ವಾರದಲ್ಲಿ ಪೂರ್ತಿ ಮಾಡಿ. ಹದಿನೈದು ದಿನಕ್ಕೊಮ್ಮೆ ಪಕ್ಕೆಲುಬು ಸವರಿ ನೋಡಿ. ಕೈಗೆ ಸಿಗದಿದ್ದರೆ ನಾಯಿ ದಪ್ಪಗಾಗಿದೆ ಎಂದರ್ಥ, ಮೊದಲು ರಾಗಿ ಕಡಿಮೆ ಮಾಡಿ, ಮಾಂಸವನ್ನಲ್ಲ.