ಟಾರ್ಗೆಟ್ ಬೋರ್ಡಿನ ಹಿಂದಿನ ಲೆಕ್ಕ

ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಟೈಲರ್‌ಗಳು ಸಾಲಾಗಿ ಕೂತು ಹೊಲಿಯುವ ಲೈನಿನ ತಲೆಗೆ ತೂಗುಹಾಕಿದ ಬೋರ್ಡಿನಲ್ಲಿ ಗಂಟೆಗೆ ಇಷ್ಟು ಪೀಸ್ ಎಂದು ಬರೆದಿರುತ್ತದೆ. ಆ ಸಂಖ್ಯೆ ಬರುವುದು ಐಇ (ಇಂಡಸ್ಟ್ರಿಯಲ್ ಎಂಜಿನಿಯರಿಂಗ್) ವಿಭಾಗದಿಂದ, ಅಂದರೆ ಸ್ಟಾಪ್‌ವಾಚ್ ಹಿಡಿದು ಮಷೀನಿನ ಪಕ್ಕ ನಿಲ್ಲುವ ನಮ್ಮಂಥವರಿಂದ. ಅದು ವಿಜ್ಞಾನದ ಲೆಕ್ಕ, ವಾದ ಮಾಡುವ ಹಾಗಿಲ್ಲ ಎಂದು ಟೈಲರ್‌ಗಳಿಗೆ ಹೇಳುತ್ತಾರೆ. ಆದರೆ ವಾಚು ಹೇಳುವುದು ಒಂದು ಅಂಕಿಯನ್ನು ಮಾತ್ರ. ಉಳಿದ ಎರಡನ್ನು ಆಡಳಿತದ ಕಡೆಯವರು ತೀರ್ಮಾನಿಸುತ್ತಾರೆ. ಹಾಗೆ ತೀರ್ಮಾನಿಸುವ ಕಡೆ ದುಡಿಯುವವರಿಗೂ ಮಾತಿರಬೇಕು. ನನ್ನ ರಾಜಕೀಯ ಶುರುವಾಗುವುದು ಅಲ್ಲಿಂದಲೇ.

ಶರ್ಟಿನ ತೋಳಿಗೆ ಕಫ್ ಜೋಡಿಸುವ ಆಪರೇಶನ್, ಅಂದರೆ ಹೊಲಿಗೆಯ ಆ ಒಂದು ಹಂತ ತೆಗೆದುಕೊಳ್ಳಿ. ಹತ್ತು ಪೀಸ್ ಅಳೆದು ಸರಾಸರಿ 40 ಸೆಕೆಂಡ್ ಬಂತು ಎನ್ನೋಣ. ಇದು ವಾಚಿನ ಅಂಕಿ. ಆಮೇಲೆ ಬರುವುದು ರೇಟಿಂಗ್: ಈ ಟೈಲರ್ ಮಾಮೂಲಿ ವೇಗದಲ್ಲಿ ಹೊಲಿದರೋ, ನಿಧಾನವಾಗಿಯೋ ಎಂದು ಅಳೆಯುವವರು ಕಣ್ಣಂದಾಜಿನಲ್ಲಿ ಹಾಕುವ ಶೇಕಡಾವಾರು. ಮಾಮೂಲಿ ವೇಗಕ್ಕೆ 100. 90 ಹಾಕಿದರೆ 40 ಸೆಕೆಂಡ್ 36 ಆಗುತ್ತದೆ. ಅದಕ್ಕೆ ಅಲೊವೆನ್ಸ್, ಅಂದರೆ ಬಿಡುವು, ಅಡಚಣೆಗಳಿಗೆ ಬಿಡುವ ಹೊತ್ತು, ಶೇ. 20 ಸೇರಿಸಿದರೆ 43.2 ಸೆಕೆಂಡ್, ಅಂದರೆ 0.72 ನಿಮಿಷ. ಒಂದು ಪೀಸಿಗೆ ಹೀಗೆ ಗೊತ್ತುಮಾಡಿದ ನಿಮಿಷವನ್ನೇ ಎಸ್‌ಎಎಂ ಎನ್ನುವುದು. 60ನ್ನು 0.72ರಿಂದ ಭಾಗಿಸಿದರೆ ಗಂಟೆಗೆ 83 ಪೀಸ್.

ಈಗ ಅದೇ ಟೈಲರ್, ಅದೇ 40 ಸೆಕೆಂಡ್. ರೇಟಿಂಗ್ 80 ಬರೆದು ಅಲೊವೆನ್ಸ್ ಶೇ. 10ಕ್ಕೆ ಇಳಿಸಿ: 32 ಸೆಕೆಂಡ್, ಮೇಲೆ 3.2, ಒಟ್ಟು 35.2. ಗಂಟೆಗೆ 102 ಪೀಸ್! ಕೈ ಬದಲಾಗಿಲ್ಲ, ಮಷೀನ್ ಬದಲಾಗಿಲ್ಲ. ಕಾಗದದ ಮೇಲೆ ಎರಡು ಅಂಕಿ ಬದಲಾದವು, 19 ಪೀಸ್ ಏರಿತು.

ಅಲೊವೆನ್ಸ್ ಎಂಬುದು ಯಾರೋ ದಯದಿಂದ ಕೊಟ್ಟ ಬಿಡುವಲ್ಲ. ನೀರು, ಶೌಚಾಲಯ, ಬೆನ್ನಿನ ದಣಿವು, ಬಾಬಿನ್ ಬದಲಿಸುವುದು, ದಾರ ತುಂಡಾಗುವುದು ಎಲ್ಲ ಅದರೊಳಗೇ ಬರಬೇಕು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಹಳೆಯ ಕೋಷ್ಟಕದಲ್ಲಿ ಹೆಂಗಸರಿಗೆ ವೈಯಕ್ತಿಕ ಅಗತ್ಯಕ್ಕೆ ಶೇ. 7, ದಣಿವಿಗೆ ಶೇ. 4 ಇದೆ, ಗಂಡಸರಿಗೆ ಶೇ. 5 ಮತ್ತು ಶೇ. 4. ಅಂದರೆ ಹೆಂಗಸರೇ ಹೆಚ್ಚಿರುವ ಲೈನಿನಲ್ಲಿ ಬಾಬಿನ್, ದಾರದ ಮಾತು ಎತ್ತುವ ಮೊದಲೇ ಶೇ. 11 ಆಯಿತು. ಒಟ್ಟು ಶೇ. 10 ಎಂದು ಬರೆದ ಹಾಳೆ ಯಾರ ಶೌಚದ ಹೊತ್ತನ್ನೋ ಕಿತ್ತುಕೊಂಡೇ ಬಂದಿರುತ್ತದೆ. ಶೌಚಾಲಯಕ್ಕೆ ಹೋದವರನ್ನು ಸೂಪರ್‌ವೈಸರ್ ಕೂಗುವುದನ್ನು ಅವರ ಗುಣದೋಷ ಎಂದಷ್ಟೇ ನೋಡಬಾರದು. ಆ ನಿಮಿಷ ಅವರ ಹಾಳೆಯಲ್ಲೇ ಇರುವುದಿಲ್ಲ.

ಅಳತೆಯಲ್ಲೂ ತಪ್ಪುಗಳಿವೆ. ಲೈನಿನ ಅತಿ ಚುರುಕು ಟೈಲರನ್ನೇ ಆರಿಸುವುದು, ಬೆಳಗಿನ ಮೊದಲ ಗಂಟೆಯಲ್ಲೇ ಅಳೆಯುವುದು, ಕತ್ತರಿಸಿದ ತುಂಡುಗಳ ಬಂಡಲ್ ಬಿಚ್ಚಿ ಕಟ್ಟುವ ಸೆಕೆಂಡುಗಳನ್ನು ಬಿಡುವುದು, ಸಾದಾ ಬಟ್ಟೆಗೆ ಹಾಕಿದ ಎಸ್‌ಎಎಂ ಅನ್ನೇ ಚೆಕ್ಸ್ ಬಟ್ಟೆಗೂ ಹೊರಿಸುವುದು. ಚೆಕ್ಸ್‌ನಲ್ಲಿ ಗೆರೆಗೆ ಗೆರೆ ಕೂಡಿಸಬೇಕು. ಅದಕ್ಕೆ ಬೇರೆ ಹೊತ್ತು ಬೇಕೇ ಬೇಕು.

ಇನ್ನು ಇಡೀ ಲೈನಿನ ಲೆಕ್ಕ. ಇಡೀ ಶರ್ಟಿನ ಎಸ್‌ಎಎಂ 24, ಟೈಲರ್‌ಗಳು 40, ಎಫಿಶಿಯೆನ್ಸಿ (ಕೂತ ನಿಮಿಷಗಳಲ್ಲಿ ಪೀಸಾಗಿ ಬರುವ ಪಾಲು) ಶೇ. 65 ಎನ್ನೋಣ. ಗಂಟೆಗೆ 40 ಜನರ 2,400 ನಿಮಿಷದಲ್ಲಿ ಶೇ. 65 ಎಂದರೆ 1,560, ಅದನ್ನು 24ರಿಂದ ಭಾಗಿಸಿದರೆ ಗಂಟೆಗೆ 65 ಪೀಸ್. ನಾಲ್ಕು ಜನ ಬಂದಿಲ್ಲ, ಬೋರ್ಡಿನಲ್ಲಿ 65 ಹಾಗೇ ಇದೆ. 36 ಜನರಿಂದ ಬರುವುದು 58.5. ಎಂಟು ಗಂಟೆಗೆ 52 ಪೀಸ್ ಕೊರತೆ, ಅಂದರೆ ಆ ಲೈನಿಗೆ ಹೆಚ್ಚುಕಡಿಮೆ 53 ನಿಮಿಷದ ಕೆಲಸ. ಅದು ಊಟದ ಹೊತ್ತಿನಿಂದ, ಟೀ ಹೊತ್ತಿನಿಂದ, ಬೆಲ್ ಆದಮೇಲಿನ ಅರ್ಧ ಗಂಟೆಯಿಂದ ಬರುತ್ತದೆ. ಬಾರದವರ ಸಂಬಳ ಕಟ್ಟಾಯಿತು, ಬಂದವರ ನಿಮಿಷ ಹೋಯಿತು. ಎರಡೂ ಮಾಲೀಕರ ಪಾಲಿಗೆ ಸೇರಿತು. ಲಾಭ ಎಲ್ಲಿ ಹುಟ್ಟುತ್ತದೆ ಎಂದು ತಿಳಿಯಲು ಇದಕ್ಕಿಂತ ದೊಡ್ಡ ಸಿದ್ಧಾಂತ ಬೇಕಿಲ್ಲ.

ಆ ಅರ್ಧ ಗಂಟೆಯ ಬೆಲೆ ಕಟ್ಟೋಣ. ತಿಂಗಳಿಗೆ 13,000 ಸಂಬಳ ಎಂದಿಟ್ಟುಕೊಳ್ಳಿ. ತಿಂಗಳ ಕೆಲಸದ ದಿನ 26ರಿಂದ ಭಾಗಿಸಿದರೆ ದಿನಕ್ಕೆ 500, ಗಂಟೆಗೆ 62.50. ಓಟಿ, ಅಂದರೆ ಹೆಚ್ಚುವರಿ ಹೊತ್ತಿನ ಕೂಲಿ, ದುಪ್ಪಟ್ಟು; 1948ರ ಕಾರ್ಖಾನೆ ಕಾಯ್ದೆಯಲ್ಲೂ ಹಾಗಿತ್ತು, 2019ರ ವೇತನ ಸಂಹಿತೆಯಲ್ಲೂ ಹಾಗೇ ಇದೆ. ಗಂಟೆಗೆ 125 ಆಯಿತು. ದಿನಕ್ಕೆ ಅರ್ಧ ಗಂಟೆಯಂತೆ ತಿಂಗಳಿಗೆ 13 ಗಂಟೆ: 1,625 ರೂಪಾಯಿ. ಸಂಬಳದ ಎಂಟನೇ ಒಂದು ಭಾಗ. ಓಟಿ ಕೊಡುವ ಕಡೆಯೂ 26ರ ಬದಲು 30ರಿಂದ ಭಾಗಿಸಿದ್ದಾರಾ ನೋಡಿ. ಹಾಗೆ ಮಾಡಿದರೆ ದುಪ್ಪಟ್ಟು ದರ 125ರಿಂದ 108.33ಕ್ಕೆ ಇಳಿಯುತ್ತದೆ.

ಇದೇ ಲೆಕ್ಕವನ್ನು ಇನ್ನೊಂದು ಕಡೆಗೂ ತಿರುಗಿಸಬಹುದು. 2020ರ ಏಪ್ರಿಲ್‌ನಿಂದ ಸಿಗಬೇಕಿದ್ದ ತುಟ್ಟಿಭತ್ಯೆ ತಿಂಗಳಿಗೆ 417 ರೂಪಾಯಿ 60 ಪೈಸೆ. ಉದ್ಯಮಕ್ಕೆ ಭಾರವಾಗುತ್ತದೆಂದು ರಾಜ್ಯ ಸರ್ಕಾರ ಅದನ್ನು ಮುಂದೂಡಿತು, ವಿಷಯ ಹೈಕೋರ್ಟಿಗೆ ಹೋಯಿತು. 26 ದಿನದ 208 ಗಂಟೆಗೆ ಹಂಚಿದರೆ ಗಂಟೆಗೆ ಎರಡು ರೂಪಾಯಿ. 24 ಎಸ್‌ಎಎಂ ಶರ್ಟಿಗೆ ಶೇ. 65 ಎಫಿಶಿಯೆನ್ಸಿಯಲ್ಲಿ ಹಿಡಿಯುವುದು 37 ನಿಮಿಷ. ಹೊಲಿಗೆಯಲ್ಲಿ ಒಂದು ಶರ್ಟಿಗೆ ಬೀಳುವ ಭಾರ ಸುಮಾರು ಒಂದೂಕಾಲು ರೂಪಾಯಿ! ಕಟಿಂಗ್, ಫಿನಿಶಿಂಗ್ ಎಂದು ದುಪ್ಪಟ್ಟು ಮಾಡಿಕೊಂಡರೂ ಎರಡೂವರೆ. ಅದಕ್ಕಾಗಿ ಟೈಲರ್‌ಗಳು ಕೋರ್ಟಿನ ದಾರಿ ಕಾಯಬೇಕಾಯಿತು.

1880ರ ದಶಕದಲ್ಲಿ ಅಮೆರಿಕದ ಮಿಡ್‌ವೇಲ್ ಉಕ್ಕಿನ ಕಾರ್ಖಾನೆಯಲ್ಲಿ ಫ್ರೆಡರಿಕ್ ಟೇಲರ್ ವಾಚ್ ಹಿಡಿದದ್ದು, ಒಂದು ಕೆಲಸಕ್ಕೆ ಎಷ್ಟು ಹೊತ್ತು ಬೇಕೆಂಬ ತಿಳಿವಳಿಕೆ ಕೆಲಸಗಾರರ ಕೈಯಿಂದ ಆಡಳಿತದ ಕೈಗೆ ಬರಲಿ ಎಂದು. ಅದನ್ನು ಲೈನಿಗೆ ಮರಳಿಸುವುದು ಕಷ್ಟವೇನಲ್ಲ. ಒಂದು ಸಣ್ಣ ನೋಟ್‌ಬುಕ್ ಸಾಕು: ಬೋರ್ಡಿನ ಟಾರ್ಗೆಟ್, ಆ ಗಂಟೆ ಕೂತ ಟೈಲರ್‌ಗಳ ಸಂಖ್ಯೆ, ಬಂದ ಪೀಸ್, ಮಷೀನ್ ಕೆಟ್ಟ ನಿಮಿಷ, ಬಂಡಲ್ ಬಾರದೆ ಕಾದ ನಿಮಿಷ, ಬೆಲ್ ಆದಮೇಲೆ ಎದ್ದ ಸಮಯ. ಕಾದ ನಿಮಿಷವನ್ನು ತಪ್ಪದೆ ಬರೆಯಿರಿ, ಗಂಟೆಯ ರಿಪೋರ್ಟಿನಲ್ಲಿ ಮೊದಲು ಮಾಯವಾಗುವುದು ಅದೇ. ಒಬ್ಬರ ಪುಸ್ತಕವನ್ನು ಸುಳ್ಳೆನ್ನಬಹುದು. ಐದಾರು ಜನರದು ತಾಳೆಯಾದರೆ ಹಾಗೆನ್ನುವುದು ಕಷ್ಟ. ಟಾರ್ಗೆಟ್ ಹೆಚ್ಚಾಯಿತೆಂದು ಸುಮ್ಮನೆ ದೂರಬೇಡಿ, ಆಪರೇಶನ್ ಬುಲೆಟಿನ್ (ಪ್ರತಿ ಹಂತದ ಎಸ್‌ಎಎಂ ಬರೆದ ಪಟ್ಟಿ) ತೋರಿಸಲು ಕೇಳಿ, ರೇಟಿಂಗ್ ಎಷ್ಟು, ಅಲೊವೆನ್ಸ್ ಎಷ್ಟು ಎಂದು ಒಟ್ಟಾಗಿ ಕೇಳಿ. ಮತ್ತೆ ಅಳೆಯುತ್ತೇವೆ ಎಂದರೆ ಇಬ್ಬರು ಬೇರೆ ಬೇರೆ ಟೈಲರ್‌ಗಳನ್ನು, ಮಧ್ಯಾಹ್ನ ಮೂರರ ಮೇಲೆ, ಬಂಡಲ್ ಬಿಚ್ಚುವಲ್ಲಿಂದ ಕಟ್ಟುವವರೆಗೆ ಅಳೆಯಲು ಹೇಳಿ.