ಡಬ್ಬಿಯಲ್ಲಿ ನಿದ್ದೆ, ಬಾಗಿಲ ಮೇಲೆ ಎಚ್ಚರ

14 ನವೆಂಬರ್ 2025, ಶುಕ್ರವಾರ
ಗ್ರೋನಿಂಗೆನ್, ನೆದರ್‌ಲ್ಯಾಂಡ್ಸ್

ಬೇಸಿಗೆಯ ಕೊನೆಗೆ ಕಳಿಸಿದ್ದ ನಮ್ಮ ಕಬ್ಬಿಣದ ಡ್ರೈಯರ್‌ನ, ಅಂದರೆ ಪೇಂಟ್ ಬೇಗ ಒಣಗಲಿ ಅಂತ ಸೇರಿಸುವ ಕಬ್ಬಿಣದ ಸಂಯುಕ್ತದ, ಫಲಿತಾಂಶ ಬಂದಿದೆ. ಜೊತೆಗೆ ಕೆಲಸ ಮಾಡುವ ಬಣ್ಣದ ಕಂಪನಿಯ ಲ್ಯಾಬ್‌ಗೆ ಹೋಗಿ ಕಣ್ಣಾರೆ ನೋಡಿ ಬಂದೆ. ಹೊಸದಾಗಿ ಕಲಸಿದ ಬಿಳಿ ಎನಾಮೆಲ್ ಚೆನ್ನಾಗಿ ಒಣಗಿದೆ. ಮಾಮೂಲಿ ಡ್ರೈಯರ್ ಆದ ಕೋಬಾಲ್ಟ್ ಹಾಕಿದ್ದಕ್ಕಿಂತ ಏನೂ ಕಡಿಮೆಯಿಲ್ಲ. ಅದೇ ಪೇಂಟನ್ನು ಡಬ್ಬಿ ಮುಚ್ಚಿ, ಕೆಲವು ವಾರ ಬಿಸಿ ಕಪಾಟಿನಲ್ಲಿಟ್ಟು, ಆಮೇಲೆ ಬಳಿದರೆ ರಾತ್ರಿಯಾದರೂ ಬೆರಳಿಗೆ ಅಂಟುತ್ತದೆ. ಈ ಎರಡರ ನಡುವಿನ ವ್ಯತ್ಯಾಸದಲ್ಲೇ ನಮ್ಮ ಮುಂದಿನ ವರ್ಷದ ಕೆಲಸ ಇದೆ ಅಂತ ನನಗೆ ಅನಿಸುತ್ತಿದೆ.

ಸ್ವಲ್ಪ ಹಿನ್ನೆಲೆ ಹೇಳುತ್ತೇನೆ. ಬಾಗಿಲು, ಕಿಟಕಿ, ಗ್ರಿಲ್‌ಗೆ ಬಳಿಯುವ ಎನಾಮೆಲ್‌ನಲ್ಲಿ ಇರುವುದು ಆಲ್ಕಿಡ್ ಅನ್ನುವ ರಾಳ. ಅದನ್ನು ಎಣ್ಣೆಯಿಂದ ಮಾಡುತ್ತಾರೆ. ನಮ್ಮ ಉತ್ತರ ಕರ್ನಾಟಕದ ಕಡೆ ಚಟ್ನಿಪುಡಿ ಮಾಡುವ ಅಗಸೆ ಇದೆಯಲ್ಲ, ಅದರ ಎಣ್ಣೆಯೂ ಇದಕ್ಕೆ ಬರುತ್ತದೆ. ಥಿನ್ನರ್ ಆರಿಹೋದ ಮಾತ್ರಕ್ಕೆ ಈ ಪೇಂಟ್ ಒಣಗುವುದಿಲ್ಲ. ಗಾಳಿಯ ಆಮ್ಲಜನಕ ಎಣ್ಣೆಯ ಸರಪಳಿಗೆ ಸೇರಬೇಕು. ಎರಡು ದ್ವಿಬಂಧಗಳ ನಡುವೆ ಕೂತ ಕಾರ್ಬನ್ ತನ್ನ ಹೈಡ್ರೋಜನ್ನನ್ನು ಸುಲಭವಾಗಿ ಬಿಟ್ಟುಕೊಡುತ್ತದೆ. ಆ ಜಾಗಕ್ಕೆ ಆಮ್ಲಜನಕ ಬಂದು ಹೈಡ್ರೋಪೆರಾಕ್ಸೈಡ್ ಆಗುತ್ತದೆ. ಅದು ಒಡೆದಾಗ ಹುಟ್ಟುವ ರಾಡಿಕಲ್ ಅನ್ನುವ ಚುರುಕಾದ ತುಣುಕುಗಳು ಒಂದು ಸರಪಳಿಯನ್ನು ಇನ್ನೊಂದಕ್ಕೆ ಹೆಣೆಯುತ್ತವೆ. ಹೆಣಿಗೆ ಬಿಗಿಯಾದಾಗಲೇ ಬಣ್ಣ ಗಟ್ಟಿಯಾಗುವುದು.

ತನ್ನ ಪಾಡಿಗೆ ಬಿಟ್ಟರೆ ಇದಕ್ಕೆ ದಿನಗಟ್ಟಲೆ ಬೇಕು. ಸ್ವಲ್ಪವೇ ಸ್ವಲ್ಪ ಕೋಬಾಲ್ಟ್ ಲವಣ ಸೇರಿಸಿದರೆ ಕೆಲವು ಗಂಟೆ ಸಾಕು. ಹೈಡ್ರೋಪೆರಾಕ್ಸೈಡನ್ನು ಒಡೆಯುವ ಕೆಲಸ ಅದರದ್ದು. ಹತ್ತಿರಹತ್ತಿರ ನೂರು ವರ್ಷದಿಂದ ಬಣ್ಣದ ಲೋಕ ಇದನ್ನೇ ನಂಬಿಕೊಂಡಿದೆ. ಈಗ ಅದನ್ನು ಬಿಡಬೇಕಾದ ಕಾಲ ಬಂದಿದೆ. ಯುರೋಪಿನಲ್ಲಿ 2021ರ ಅಕ್ಟೋಬರ್‌ನಿಂದ ಕೋಬಾಲ್ಟ್ ಲೋಹ ಕ್ಯಾನ್ಸರ್ ತರಬಲ್ಲ ವಸ್ತುಗಳ ಪಟ್ಟಿಯಲ್ಲಿದೆ. ಬ್ಯಾಟರಿಯವರೂ ಅದಕ್ಕೇ ಕಾಯುತ್ತಿದ್ದಾರೆ. ಗಣಿಗಳು ನೋಡಿದರೆ ಬಹುಪಾಲು ಕಾಂಗೋ ಒಂದೇ ದೇಶದಲ್ಲಿವೆ. ಹಾಗಾಗಿ ಕಬ್ಬಿಣ, ಮ್ಯಾಂಗನೀಸ್ ಕಡೆ ಎಲ್ಲರ ಕಣ್ಣು. ಲೈಡನ್, ಐಂಡ್‌ಹೋವನ್ ವಿಶ್ವವಿದ್ಯಾಲಯಗಳಲ್ಲಿ 2000ದ ದಶಕದಲ್ಲೇ ಈ ಕೆಲಸ ಜೋರಾಗಿ ನಡೆದಿತ್ತು.

ನಾವು ವಿಶ್ವವಿದ್ಯಾಲಯದವರು ಡ್ರೈಯರ್‌ನಂಥ ವೇಗವರ್ಧಕವನ್ನು ಅಳೆಯುವುದು ಅದರ ವೇಗದಿಂದ. ಒಂದು ಲೋಹದ ಅಣು ಗಂಟೆಗೆ ಎಷ್ಟು ಸುತ್ತು ಕೆಲಸ ಮಾಡಿತು ಅಂತ. ಅದನ್ನು ಅಳೆಯಲು ಆಲ್ಕಿಡ್ ರಾಳ ತುಂಬ ಗೋಜಲು. ಅದಕ್ಕೇ ಈಥೈಲ್ ಲಿನೋಲಿಯೇಟ್ ಅನ್ನುವ ತಿಳಿಯಾದ, ಶುದ್ಧ ದ್ರವ ತಗೊಳ್ಳುತ್ತೇವೆ. ಸಣ್ಣ ಸೀಸೆಯಲ್ಲಿ ಡ್ರೈಯರ್ ಹಾಕಿ, ಇನ್‌ಫ್ರಾರೆಡ್ ಬೆಳಕಿನಲ್ಲಿ ದ್ವಿಬಂಧಗಳ ಗುರುತಾದ ಗೆರೆ ಹೇಗೆ ಕುಗ್ಗುತ್ತದೆ ಅಂತ ನೋಡುತ್ತೇವೆ. ಗೆರೆ ಬೇಗ ಕುಗ್ಗಿದಷ್ಟೂ ನಮಗೆ ಖುಷಿ.

ಕಂಪನಿಯವರು ಮೊದಲ ಸಭೆಯಿಂದಲೂ ಕೇಳುತ್ತಿರುವ ಪ್ರಶ್ನೆ ಬೇರೆ. ಎಷ್ಟು ವೇಗ ಅಂತ ಅಲ್ಲ, ಯಾವಾಗ ಶುರು ಅಂತ. ಪೇಂಟ್ ಡಬ್ಬಿ ಅಂಗಡಿಯಲ್ಲಿ ಒಂದು ವರ್ಷ ಕೂರಬಹುದು, ಎರಡು ವರ್ಷವೂ ಕೂರಬಹುದು. ಡಬ್ಬಿಯೊಳಗೂ ಮೇಲ್ಗಡೆ ಗಾಳಿ ಇರುತ್ತದೆ. ಅಷ್ಟು ದಿನವೂ ವೇಗವರ್ಧಕ ಮಲಗಿರಬೇಕು. ಮುಚ್ಚಳ ತೆಗೆದು ಬಾಗಿಲಿಗೆ ಬಳಿದ ಮೇಲೆ ಏಳಬೇಕು. ಮೊದಲೇ ಎದ್ದರೆ ಕಾಯಿಸಿಟ್ಟ ಹಾಲಿನ ಮೇಲೆ ಕಟ್ಟಿದ ಹಾಗೆ ಪೇಂಟ್ ಮೇಲೂ ಕೆನೆ ಕಟ್ಟುತ್ತದೆ. ಪೇಂಟರ್‌ಗಳಿಗೆಲ್ಲ ಇದು ಗೊತ್ತು. ಕೆನೆ ತೆಗೆದುಹಾಕಿ ಉಳಿದದ್ದನ್ನು ಬಟ್ಟೆಯಲ್ಲಿ ಸೋಸಿಕೊಂಡೇ ಕೆಲಸ ಶುರುಮಾಡುತ್ತಾರೆ.

ಇದಕ್ಕೆ ಬಣ್ಣದವರು ಕಂಡುಕೊಂಡ ಉಪಾಯ ನನಗೆ ತುಂಬ ಇಷ್ಟ. ಮೀಥೈಲ್ ಈಥೈಲ್ ಕೀಟಾಕ್ಸಿಮ್ ಅನ್ನುವ ಆರಿಹೋಗುವ ವಸ್ತುವನ್ನು ಸ್ವಲ್ಪ ಸೇರಿಸುತ್ತಾರೆ. ಡಬ್ಬಿಯಲ್ಲಿರುವಾಗ ಅದು ಕೋಬಾಲ್ಟನ್ನು ಹಿಡಿದು ಕೂರಿಸುತ್ತದೆ. ಬಳಿದ ಮೇಲೆ ತೆಳುವಾದ ಪದರದಿಂದ ಹಾರಿಹೋಗುತ್ತದೆ, ಕೋಬಾಲ್ಟ್‌ಗೆ ಬಿಡುಗಡೆ. ಎಷ್ಟು ಅಚ್ಚುಕಟ್ಟು, ಅಲ್ವಾ? ದುರದೃಷ್ಟಕ್ಕೆ ಅದೂ ಈಗ ಯುರೋಪಿನ ಕ್ಯಾನ್ಸರ್ ಪಟ್ಟಿ ಸೇರಿದೆ. ಹಾಗಾಗಿ ಒಣಗಿಸುವ ಲೋಹವನ್ನೂ ಬದಲಿಸಬೇಕು, ಅದನ್ನು ಮಲಗಿಸುವ ವಸ್ತುವನ್ನೂ ಬದಲಿಸಬೇಕು.

ನನ್ನ ಮಟ್ಟಿಗೆ ಈ "ಯಾವಾಗ" ಅನ್ನುವ ಪ್ರಶ್ನೆಯೇ ರಸಾಯನಶಾಸ್ತ್ರದಲ್ಲಿ ದೊಡ್ಡದು. ಕಂಪನಿ ಜೊತೆಗಿನ ಕೆಲಸ ಅಂದರೆ ನಿಜವಾದ ವಿಜ್ಞಾನ ಅಲ್ಲ, ಸುಮ್ನೆ ಮಾರಾಟದ ಕೆಲಸ ಅನ್ನುವ ಮಾತನ್ನು ಊರಲ್ಲೂ ಕೇಳಿದ್ದೇನೆ, ಇಲ್ಲೂ ಕೇಳಿದ್ದೇನೆ. ನಾನು ಒಪ್ಪುವುದಿಲ್ಲ. ವೇಗವಾಗಿ ಓಡುವ ಅಣುವನ್ನು ಮಾಡುವುದಕ್ಕಿಂತ ಹೊತ್ತು ನೋಡಿ ಓಡುವ ಅಣುವನ್ನು ಮಾಡುವುದು ಕಷ್ಟ. ಆ ಕಷ್ಟ ಏನು ಅಂತ ನನಗೆ ತೋರಿಸಿಕೊಟ್ಟದ್ದು ಯಾವ ಪತ್ರಿಕೆಯ ವಿಮರ್ಶಕರೂ ಅಲ್ಲ, ಪೇಂಟ್ ಕಲಸುವ ಜನ.

ಇವತ್ತು ನೋಡಿದ ಯಂತ್ರದ ಬಗ್ಗೆ ಬರೆದಿಡಬೇಕು. ಅದು ಪೇಂಟ್ ಒಣಗುವ ಹೊತ್ತನ್ನು ಅಳೆಯುವ ಬಿಕೆ ರೆಕಾರ್ಡರ್. ಒಂದಡಿ ಉದ್ದ, ಒಂದಿಂಚು ಅಗಲದ ಗಾಜಿನ ಪಟ್ಟಿಗಳು ಸಾಲಾಗಿ ಇರುತ್ತವೆ. ಪಟ್ಟಿಗೆ ಹಸಿ ಪೇಂಟ್ ಎಳೆದು, ಮೇಲೆ ಒಂದು ಸೂಜಿ ಇಳಿಸುತ್ತಾರೆ. ಸೂಜಿ ಒಂದೇ ವೇಗದಲ್ಲಿ, ಕಣ್ಣಿಗೆ ಕಾಣದಷ್ಟು ನಿಧಾನವಾಗಿ, ಈ ತುದಿಯಿಂದ ಆ ತುದಿಗೆ ಹೋಗುತ್ತದೆ. ಇವತ್ತಿನದನ್ನು ಹನ್ನೆರಡು ಗಂಟೆಯ ಅವಧಿಗೆ ಹೊಂದಿಸಿದ್ದರು. ಮುಗಿದ ಮೇಲೆ ಪಟ್ಟಿಯನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಇಡೀ ದಿನದ ಕಥೆ ಅದರ ಮೇಲಿರುತ್ತದೆ. ಶುರುವಿನಲ್ಲಿ ಗುರುತೇ ಇಲ್ಲ, ಸೂಜಿ ಹೋದ ಹಿಂದೆಯೇ ಹಸಿ ಪೇಂಟ್ ಹರಿದು ಮುಚ್ಚಿಕೊಂಡಿದೆ. ಆಮೇಲೆ ಒಂದು ನೇರ ಗೀರು. ಆಮೇಲೆ ಗೀರಿನ ಅಂಚು ಹರಿದು ಚಿಂದಿಯಾಗಿದೆ, ಅಂದರೆ ಮೇಲೆ ಪೊರೆ ಕಟ್ಟಿದೆ, ಒಳಗೆ ಇನ್ನೂ ಹಸಿ. ಆಮೇಲೆ ಸೂಜಿ ಮೇಲ್ಮೈಯಲ್ಲಿ ಮಾತ್ರ ತೆಳುವಾಗಿ ಗೀಚಿದೆ. ಕೊನೆಗೆ ಏನೂ ಇಲ್ಲ.

ಹೊಸ ಪೇಂಟಿನ ಪಟ್ಟಿಯಲ್ಲಿ ಈ ಎಲ್ಲ ಹಂತಗಳೂ ಅರ್ಧ ಪಟ್ಟಿಯೊಳಗೇ ಮುಗಿದಿದ್ದವು. ಕಪಾಟಿನಲ್ಲಿಟ್ಟಿದ್ದ ಪೇಂಟಿನ ಪಟ್ಟಿಯಲ್ಲಿ ಆ ಚಿಂದಿ ಅಂಚು ಕೊನೆಯವರೆಗೂ ಹೋಗಿತ್ತು. ನಮ್ಮ ಸೀಸೆಯ ಪ್ರಯೋಗದಲ್ಲಿ ಇದು ಯಾವತ್ತೂ ಕಾಣುವುದಿಲ್ಲ. ಅಲ್ಲಿ ಬಿಳಿ ಪಿಗ್ಮೆಂಟ್ ಇಲ್ಲ. ಬಿಳಿ ಪೇಂಟಿನಲ್ಲಿ ಟೈಟೇನಿಯಂ ಡೈಆಕ್ಸೈಡ್‌ನ ಪುಡಿ ಇದೆ, ಆ ಕಣಗಳ ಮೈಮೇಲೆ ಅಲ್ಯೂಮಿನಾ, ಸಿಲಿಕಾದ ಲೇಪ ಇದೆ. ಕಣಗಳು ಅತಿ ಸಣ್ಣವು, ಅವುಗಳ ಒಟ್ಟು ಮೈ ಬಹಳ ದೊಡ್ಡದು. ವಾರಗಟ್ಟಲೆ ಒಟ್ಟಿಗಿದ್ದರೆ ಡ್ರೈಯರ್‌ನ ಲೋಹ ಅಲ್ಲಿಗೆ ಹೋಗಿ ಅಂಟಿಕೊಳ್ಳುತ್ತದೆ. ಆಮೇಲೆ ಎಣ್ಣೆಯ ಕೆಲಸಕ್ಕೆ ಸಿಗುವುದಿಲ್ಲ. ಬಣ್ಣದವರಿಗೆ ಇದು ಹಳೆಯ ತಲೆನೋವು. ಕಪ್ಪು ಪೇಂಟಿನ ಇಂಗಾಲದ ಪುಡಿಯಲ್ಲೂ ಹೀಗೆಯೇ.

ಅಲ್ಲಿನ ಹಿರಿಯ ಕೆಮಿಸ್ಟ್ ಒಬ್ಬರು ಪಟ್ಟಿಯನ್ನು ಕೆಳಗಿಟ್ಟು ಒಂದೇ ಪ್ರಶ್ನೆ ಕೇಳಿದರು. ನಿಮ್ಮ ಕಬ್ಬಿಣವನ್ನು ಯಾರು ಗಟ್ಟಿಯಾಗಿ ಹಿಡಿದುಕೊಂಡಿದ್ದಾರೆ, ನಿಮ್ಮ ಲಿಗ್ಯಾಂಡೋ ಅಥವಾ ನಮ್ಮ ಪಿಗ್ಮೆಂಟೋ? ಲಿಗ್ಯಾಂಡ್ ಅಂದರೆ ಲೋಹವನ್ನು ಸುತ್ತಲಿಂದ ಹಿಡಿದಿರುವ ಅಣು. ಇದಕ್ಕೆ ಉತ್ತರ ಹುಡುಕುವುದು ಅಪ್ಪಟ ಅಕಾಡೆಮಿಕ್ ಕೆಲಸ. ಇಂಥ ಪ್ರಶ್ನೆ ಸಿಕ್ಕರೆ ಸಾಕು ಅಂತ ಎಷ್ಟೋ ಜನ ಕಾಯುತ್ತಾರೆ.

ಉತ್ತರದ ಒಂದು ದಾರಿ ಈಗಾಗಲೇ ಇದೆ, ಅದರ ಕಥೆಯೂ ಚೆನ್ನಾಗಿದೆ. 1990ರ ದಶಕದಲ್ಲಿ ಯೂನಿಲಿವರ್ ಕಂಪನಿಯಲ್ಲಿ ರೊನಾಲ್ಡ್ ಹಾಖೆ ಮತ್ತು ಜೊತೆಗಾರರು ತಣ್ಣೀರಲ್ಲೂ ಬಟ್ಟೆಯ ಕಲೆ ತೆಗೆಯುವ ಮ್ಯಾಂಗನೀಸ್ ವೇಗವರ್ಧಕ ಮಾಡಿದರು. 1994ರಲ್ಲಿ ಅದು ನೇಚರ್ ಪತ್ರಿಕೆಯಲ್ಲಿ ಬಂತು. ಅದೇ ವರ್ಷ ಪರ್ಸಿಲ್ ಪವರ್ ಅನ್ನುವ ಪುಡಿಯಾಗಿ ಮಾರುಕಟ್ಟೆಗೂ ಬಂತು. ಕಲೆ ಹೋಯಿತು, ಜೊತೆಗೆ ಬಟ್ಟೆಯೂ ಹಾಳಾಯಿತು. ಕಂಪನಿ ಆ ಪುಡಿಯನ್ನು ವಾಪಸ್ ತಗೊಂಡಿತು. ಕೆಲಸ ಮಾತ್ರ ಅಲ್ಲಿಗೆ ನಿಲ್ಲಲಿಲ್ಲ. ಬಿಸ್ಪಿಡಿನ್ ಅನ್ನುವ ಗಡಸು ಪಂಜರದಂಥ ಲಿಗ್ಯಾಂಡ್‌ಗಳ ಮೇಲೆ ಜರ್ಮನಿಯ ಹೈಡೆಲ್‌ಬರ್ಗ್‌ನ ಪೀಟರ್ ಕೊಂಬಾ ಅವರ ಗುಂಪು ವರ್ಷಗಟ್ಟಲೆ ಕೆಲಸ ಮಾಡಿದೆ. ಇದೇ ಜಾತಿಯ ಒಂದು ಕಬ್ಬಿಣದ ಸಂಯುಕ್ತ ಮೊದಲು ಬಟ್ಟೆ ಬಿಳುಪಿಗೆ ಬೆಳೆದು, ಆಮೇಲೆ ಪೇಂಟಿಗೆ ಬಂತು. ಈಗ ಬೋರ್ಶಿ ಆಕ್ಸಿ-ಕೋಟ್ ಅನ್ನುವ ಹೆಸರಲ್ಲಿ ಡ್ರೈಯರ್ ಆಗಿ ಮಾರಾಟದಲ್ಲಿದೆ. ಕೋಬಾಲ್ಟ್‌ಗಿಂತ ತುಂಬ ಕಡಿಮೆ ಲೋಹ ಸಾಕಾಗುತ್ತದೆ. ಪಂಜರ ಗಡಸು, ಕಬ್ಬಿಣವನ್ನು ಸುಲಭವಾಗಿ ಬಿಡುವುದಿಲ್ಲ. ನಮ್ಮ ಲಿಗ್ಯಾಂಡ್ ಅದಕ್ಕಿಂತ ಅಗ್ಗ, ಆದರೆ ಸಡಿಲ. ಇವತ್ತಿನ ಪಟ್ಟಿ ಹೇಳಿದ್ದೂ ಬಹುಶಃ ಇದನ್ನೇ.

ಮ್ಯಾಂಗನೀಸ್ ಯಾಕೆ ಬೇಡ ಅಂತ ಕೇಳಬಹುದು. ಬೇಡ ಅಂತ ಏನಿಲ್ಲ. ಆದರೆ ಅದು ಬಿಳಿ ಪೇಂಟಿಗೆ ಕಂದು ಛಾಯೆ ಕೊಡುತ್ತದೆ. ಕೋಬಾಲ್ಟ್‌ನ ನೀಲಿ ಎಣ್ಣೆಯ ಹಳದಿಯನ್ನು ಮರೆಸುತ್ತಿತ್ತು. ವೇಗವರ್ಧಕದ ಬಣ್ಣ ಯಾವುದು ಅನ್ನುವುದು ನಮ್ಮ ಪ್ರಬಂಧಗಳಲ್ಲಿ ಒಂದು ಸಾಲಿನ ವಿಷಯ. ಇಲ್ಲಿ ಅದೊಂದರಿಂದಲೇ ಯೋಜನೆ ನಿಂತುಹೋಗಬಹುದು.

ಲೋಹ ಬದಲಿಸುವ ಮಾತು ಬಂದಾಗ ಸೀಸ ನೆನಪಾಗದೆ ಇರುವುದಿಲ್ಲ. ಪೇಂಟ್ ಒಳಗಿನವರೆಗೂ ಒಣಗಲಿ ಅಂತ ಒಂದು ಕಾಲದಲ್ಲಿ ಸೀಸದ ಲವಣ ಹಾಕುತ್ತಿದ್ದರು, ಬಣ್ಣಕ್ಕೂ ಹಾಕುತ್ತಿದ್ದರು. ಆ ಜಾಗಕ್ಕೆ ಜಿರ್ಕೋನಿಯಂ ಬರುತ್ತದೆ ಅಂತ ಉದ್ಯಮಕ್ಕೆ ಬಹಳ ಹಿಂದೆಯೇ ಗೊತ್ತಿತ್ತು. ಆದರೂ ನಮ್ಮ ದೇಶದಲ್ಲಿ ಮನೆ ಪೇಂಟಿನ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮಿತಿ ಹಾಕಿದ ನಿಯಮ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರ್‌ನಲ್ಲಿ. ಸೀಸದ ವಿಷದ ಬಗ್ಗೆ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿದ್ದ ಡಾ. ತುಪ್ಪಿಲ್ ವೆಂಕಟೇಶ್ ಅವರು ವರ್ಷಗಟ್ಟಲೆ ಹೇಳುತ್ತಾ ಬಂದರು. ಬದಲಿ ವಸ್ತು ಲ್ಯಾಬ್‌ನಲ್ಲಿ ಇದ್ದರೆ ಸಾಲದು. ಅದು ಡಬ್ಬಿಯಲ್ಲಿ ಬದುಕಬೇಕು, ಬೆಲೆಗೂ ಒಗ್ಗಬೇಕು. ಕೋಬಾಲ್ಟ್ ವಿಷಯದಲ್ಲಿ ಅಷ್ಟು ತಡ ಆಗಬಾರದು ಅನ್ನುವುದು ನನ್ನ ಆಸೆ.

ಈ ದೇಶದಲ್ಲಿ ಇಂಥ ಜಂಟಿ ಕೆಲಸಕ್ಕೆ ಒಳ್ಳೆಯ ವ್ಯವಸ್ಥೆ ಇದೆ. 2016ರಲ್ಲಿ ಶುರುವಾದ ಎಆರ್‌ಸಿ ಸಿಬಿಬಿಸಿ ಅನ್ನುವ ಒಕ್ಕೂಟದಲ್ಲಿ ಉಟ್ರೆಕ್ಟ್, ಗ್ರೋನಿಂಗೆನ್, ಐಂಡ್‌ಹೋವನ್ ವಿಶ್ವವಿದ್ಯಾಲಯಗಳೂ ಅಕ್ಜೋನೊಬೆಲ್, ಶೆಲ್, ಬಿಎಎಸ್‌ಎಫ್‌ನಂಥ ಕಂಪನಿಗಳೂ ಇವೆ. 2020ರಲ್ಲಿ ಗ್ರೋನಿಂಗೆನ್‌ನ ರಸಾಯನಶಾಸ್ತ್ರಜ್ಞ ಬೆನ್ ಫೆರಿಂಗಾ ಅವರ ಗುಂಪು ಬಣ್ಣದ ಕಂಪನಿಯಾದ ಅಕ್ಜೋನೊಬೆಲ್‌ನವರ ಜೊತೆ ಸೇರಿ ಒಂದು ಕೆಲಸ ಪ್ರಕಟಿಸಿತು. ಬೆಳೆಯ ಉಳಿಕೆಯಿಂದ ಸಿಗುವ ಫರ್ಫ್ಯೂರಲ್‌ಗೆ ಬೆಳಕು ಮತ್ತು ಆಮ್ಲಜನಕ ಕೊಟ್ಟು, ಬಣ್ಣಕ್ಕೆ ಬಳಸುವ, ಪೆಟ್ರೋಲಿಯಂನಿಂದ ಬರುವ ಅಕ್ರಿಲೇಟ್‌ಗಳ ಜಾಗಕ್ಕೆ ನಿಲ್ಲಬಲ್ಲ ವಸ್ತು ಮಾಡಿದರು. ಹಿಂಡಿದ ಕಬ್ಬಿನ ಸಿಪ್ಪೆಯಿಂದಲೂ ಫರ್ಫ್ಯೂರಲ್ ಬರುತ್ತದೆ. ಅದನ್ನು ಓದಿದಾಗ ಮಂಡ್ಯದಲ್ಲಿ ಬಾಯ್ಲರ್‌ಗೆ ಹೋಗುವ ಸಿಪ್ಪೆಯ ರಾಶಿಯೇ ನನ್ನ ಕಣ್ಣಮುಂದೆ ಬಂತು. ಆ ಪ್ರಬಂಧದಲ್ಲಿ ಕಂಪನಿಯವರ ಹೆಸರೂ ಲೇಖಕರ ಸಾಲಿನಲ್ಲೇ ಇದೆ. ಅದು ಹಾಗೆಯೇ ಇರಬೇಕು.

ಇನ್ನು ಪೇಟೆಂಟ್ ವಿಷಯ. ಯುರೋಪಿನಲ್ಲಿ ಅರ್ಜಿ ಹಾಕುವ ಮೊದಲೇ ಸಮ್ಮೇಳನದಲ್ಲಿ ಮಾತಾಡಿದರೂ ಹಕ್ಕು ಹೋಗುತ್ತದೆ. ಹಾಗಾಗಿ ಪ್ರಬಂಧ ಕಾಯಬೇಕು. ಪಿಎಚ್‌ಡಿ ಮುಗಿಸಬೇಕಾದ ಹುಡುಗರಿಗೆ ಇದು ಕಷ್ಟ, ಅವರ ಆತಂಕ ನನಗೆ ಅರ್ಥವಾಗುತ್ತದೆ. ಕೆಲವು ತಿಂಗಳು ಕಾಯುವುದನ್ನು ಒಪ್ಪಬಹುದು. ಹಳೆಯ ಡಬ್ಬಿ ಒಣಗಲಿಲ್ಲ ಅನ್ನುವುದನ್ನು ಮುಚ್ಚಿಟ್ಟು, ಹೊಸ ಡಬ್ಬಿಯ ವೇಗವನ್ನಷ್ಟೇ ಬರೆಯುವುದನ್ನು ಒಪ್ಪಲಾರೆ. ಈ ಕ್ಷೇತ್ರದ ಪ್ರಬಂಧಗಳಲ್ಲಿ ಕಪಾಟಿನ ಅಂಕಿಗಳು ಸಿಗುವುದೇ ಅಪರೂಪ.

ಸಭೆಯ ಕೊನೆಗೆ ಇದನ್ನು ನೇರವಾಗಿ ಕೇಳಿದೆ. ಕಂಪನಿಯವರು ಬೇಗ ಒಪ್ಪಿದರು. ಅರ್ಜಿ ಹೋದ ಮೇಲೆ ಕಪಾಟಿನ ಅಂಕಿಗಳನ್ನೂ ಪ್ರಬಂಧಕ್ಕೆ ಹಾಕಬಹುದು. ಆದರೆ ಅವರ ಪೇಂಟಿನ ಪೂರ್ತಿ ಪಾಕ ಹೊರಗೆ ಹೋಗಬಾರದು, ಸರಳ ಮಾದರಿ ಪೇಂಟಿನಲ್ಲಿ ಮತ್ತೆ ಮಾಡಿ ತೋರಿಸಬೇಕು. ಇದು ನ್ಯಾಯವಾದ ಮಾತು. ರಾಳ, ಥಿನ್ನರ್, ಬಿಳಿ ಪಿಗ್ಮೆಂಟ್, ಡ್ರೈಯರ್, ಇಷ್ಟೇ ಇರುವ ಪೇಂಟ್ ಸೋಮವಾರ ಕಲಸುತ್ತೇವೆ. ಪಿಗ್ಮೆಂಟ್ ಹಾಕಿದ ಡಬ್ಬಿ ಮತ್ತು ಹಾಕದ ಡಬ್ಬಿ, ಎರಡೂ ಒಂದೇ ದಿನ ಕಪಾಟಿಗೆ ಹೋಗುತ್ತವೆ. ಪಕ್ಕದಲ್ಲಿ ಕೋಬಾಲ್ಟ್‌ನ ಡಬ್ಬಿಯೂ ಇರುತ್ತದೆ.