ಎರಡು ಡ್ರಮ್ ಕೊಳೆ ಔಷಧಿ

ಹೋದ ವರ್ಷ ಜುಲೈನಲ್ಲಿ ಬೆಂಗಳೂರಿಂದ ರಾತ್ರಿ ಬಸ್ ಹತ್ತಿ ತೀರ್ಥಹಳ್ಳಿ ಹತ್ರ ಇರೋ ದೊಡ್ಡಮ್ಮನ ಮನೆಗೆ ಹೋಗಿದ್ದೆ, ನಮ್ಮ ಆ್ಯಪ್ ತೋರ್ಸೋಕೆ ಅಂತ. ನಾವು ನಾಲ್ಕು ಜನ ಸೇರಿ ಏಳು ತಿಂಗಳು ಕೂತು ಮಾಡಿದ್ದು ಅದು, ಅಡಿಕೆ ಬೆಳೆಗಾರರಿಗೆ ಅಂತಾನೇ. ಶಿವಮೊಗ್ಗ ಮಾರ್ಕೆಟ್ಟಿನ ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಅಡಿಕೆಯ ಎಲ್ಲಾ ಬಗೆಯ ರೇಟು, ಮಳೆ ಯಾವಾಗ ಅನ್ನೋದು, ಕೊನೆ, ಅಂದ್ರೆ ಅಡಿಕೆ ಗೊನೆಯ ಫೋಟೋ ಹೊಡೆದು ಹಾಕಿದ್ರೆ ಯಾವ ರೋಗ ಅಂತ ಹೇಳೋದು, ತೋಟದ ಖರ್ಚು ಬರೆದಿಡೋದು, ಎಲ್ಲಾ ಇತ್ತು. ಅದನ್ನ ನಾವು ಎಂವಿಪಿ ಅಂತ ಕರೀತಿದ್ವಿ. ಮಿನಿಮಮ್ ವಯಬಲ್ ಪ್ರಾಡಕ್ಟ್, ಅಂದ್ರೆ ಜನಕ್ಕೆ ನಿಜವಾಗ್ಲೂ ಉಪಯೋಗಕ್ಕೆ ಬರೋ ಅತಿ ಚಿಕ್ಕ ರೂಪ, ಅದನ್ನ ಮೊದಲು ಕೈಗೆ ಕೊಟ್ಟು ನೋಡೋದು, ಆಮೇಲೆ ಮುಂದಿನದು ಕಟ್ಟೋದು. ನಮ್ಮದರಲ್ಲಿ ಹದಿನಾಲ್ಕು ಸ್ಕ್ರೀನ್ ಇತ್ತು. ಅದನ್ನ ಕಟ್ಟೋಕೆ ಮೊದಲು ನಾವು ಒಬ್ಬ ಬೆಳೆಗಾರರ ಮನೇಲೂ ಒಂದಿಡೀ ದಿನ ಕೂತಿರಲಿಲ್ಲ, ಇದು ಈಗ ಬರೀವಾಗ್ಲೂ ನಂಗೆ ಬೇಜಾರಾಗೋ ವಿಷಯ.

ನಾನು ಮನೆ ಮುಟ್ಟಿದಾಗ ಬೆಳಿಗ್ಗೆ ಏಳು ಗಂಟೆ. ನಾಲ್ಕು ದಿನ ಬಿಡದೇ ಹೊಡೆದ ಮಳೆ ಅವತ್ತು ನಿಂತು ಹೊಳವಾಗಿತ್ತು. ದೊಡ್ಡಮ್ಮ ಸೀರೆ ಎತ್ತಿ ಕಟ್ಕೊಂಡು ಅಂಗಳದಲ್ಲಿ ಔಷಧಿ ಕಲಸ್ತಾ ಇದ್ರು. ಮಲೆನಾಡಿನೋರಿಗೆ ಹೇಳೋದೇ ಬೇಡ, ಬೇರೆಯೋರಿಗೆ ಹೇಳ್ತೀನಿ, ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬರುತ್ತೆ, ಎಳೆಕಾಯಿ ಕೊಳೆತು ಉದುರಿ ಹೋಗುತ್ತೆ, ಹಿಡೀತು ಅಂದ್ರೆ ವರ್ಷದ ಫಸಲೇ ಕೈಬಿಟ್ಟ ಹಾಗೆ. ಹಿಂದೆ ಕೊನೆಗಳಿಗೆ ಕೊಟ್ಟೆ, ಅಂದ್ರೆ ಟೋಪಿ ಥರದ ಮುಚ್ಚಿಗೆ ಕಟ್ಟಿ ಮಳೆ ತಡೀತಿದ್ರು. ಆಮೇಲೆ ಮೈಸೂರು ಸಂಸ್ಥಾನದಲ್ಲಿ ಕೆಲಸಕ್ಕಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಹೊತ್ತಿಗೆ ಈ ರೋಗದ ಬೆನ್ನು ಹತ್ತಿ ಬೋರ್ಡೋ ದ್ರಾವಣ ಹೊಡೆಯೋ ಪದ್ಧತಿ ತಂದ್ರು, ಇವತ್ತಿಗೂ ಅದೇ ನಡೀತಿರೋದು. ಮುಂಗಾರು ಹಿಡಿಯೋ ಹೊತ್ತಿಗೆ ಒಂದು ಸಲ, ಅದಾಗಿ ನಲವತ್ತು ನಲವತ್ತೈದು ದಿನಕ್ಕೆ ಇನ್ನೊಂದು ಸಲ.

ಒಂದು ಕೆಜಿ ಮೈಲುತುತ್ತ, ಅಂದ್ರೆ ತಾಮ್ರದ ಸಲ್ಫೇಟ್, ಐವತ್ತು ಲೀಟರ್ ನೀರಿಗೆ, ಒಂದು ಕೆಜಿ ಸುಣ್ಣ ಇನ್ನೊಂದು ಐವತ್ತು ಲೀಟರಿಗೆ, ಎರಡನ್ನೂ ಸೇರಿಸಿದ್ರೆ ಆಕಾಶದ ಬಣ್ಣದ ನೂರು ಲೀಟರ್ ಔಷಧಿ. ದೊಡ್ಡಮ್ಮನ ಅಂಗಳದಲ್ಲಿ ಅಂಥದ್ದು ಎರಡು ದೊಡ್ಡ ಪ್ಲಾಸ್ಟಿಕ್ ಡ್ರಮ್ ತುಂಬಾ ರೆಡಿ ಇತ್ತು. ಅವರು ಕತ್ತಿ ತಂದು ಅದರ ಬಾಯಿ ಉಜ್ಜಿ ಔಷಧಿ ಒಳಗೆ ಅದ್ದಿ ಸ್ವಲ್ಪ ಹೊತ್ತು ಹಿಡ್ಕೊಂಡು ಹೊರಗೆ ತೆಗೆದು ನೋಡಿದ್ರು, ಕಬ್ಬಿಣದ ಮೇಲೆ ಕೆಂಪಗೆ ತಾಮ್ರ ಕೂತಿತ್ತು. "ಸುಣ್ಣ ಸಾಲ್ದು" ಅಂದ್ರು. ಇನ್ನೊಂದಿಷ್ಟು ಸುಣ್ಣದ ನೀರು ಹುಯ್ದು ಮತ್ತೆ ಅದ್ದಿದಾಗ ಕತ್ತಿ ಕತ್ತಿ ಹಾಗೇ ಇತ್ತು. "ಈಗ ಸರಿ ಆಯ್ತು. ಇನ್ನು ಅವನೊಬ್ಬ ಬಂದ್ರೆ ಆಯ್ತು."

ಅವನು ಅಂದ್ರೆ ಕೊನೆಗಾರ. ಮರ ಹತ್ತಿ ಔಷಧಿ ಹೊಡೆಯೋರು, ಕೊನೆ ತೆಗೆಯೋರು. ಊರಲ್ಲಿ ಈಗ ಮರ ಹತ್ತೋರು ಬೆರಳೆಣಿಕೆಯಷ್ಟೂ ಇಲ್ಲ, ಕಾರ್ಬನ್ ಫೈಬರ್ ದೋಟಿ, ಅಂದ್ರೆ ಉದ್ದನೆ ಕೋಲು ಬಂದಿದೆ, ನೆಲದಲ್ಲೇ ನಿಂತು ಹೊಡೀಬಹುದು, ಆದ್ರೆ ಅದಕ್ಕೂ ಕೈ ಪಳಗಿದೋರೇ ಬೇಕು. ಹಿಂದಿನ ದಿನ ಸಂಜೆ "ನಾಳೆ ನೋಡಾಣ ಅಮ್ಮ" ಅಂದಿದ್ರಂತೆ ಅವರು. ಆ ನೋಡಾಣದ ಮೇಲೆ ಎರಡು ಡ್ರಮ್ ಔಷಧಿ ತಯಾರಾಗಿತ್ತು.

ಎಂಟು ಗಂಟೆ ಆಯ್ತು, ಒಂಬತ್ತಾಯ್ತು. ದೊಡ್ಡಪ್ಪ ಅಂಗಳದ ತುದಿಯ ಹಲಸಿನ ಮರದ ಹತ್ರ ಹೋಗಿ ನಿಂತು ಫೋನ್ ಮಾಡೋದು, ಅಲ್ಲಿ ಮಾತ್ರ ನೆಟ್‌ವರ್ಕ್ ಸಿಗೋದು, ರಿಂಗಾಗುತ್ತೆ ಎತ್ತಲ್ಲ, ಮತ್ತೆ ಬಂದು ಕೂರೋದು, ಮತ್ತೆ ಎದ್ದು ಹೋಗೋದು. ನಡುವೆ ನಾನು ಆ್ಯಪ್ ತೆಗೆದು ತೋರಿಸ್ದೆ. ದೊಡ್ಡಮ್ಮ ಪ್ರೀತಿಯಿಂದಾನೇ ನೋಡಿದ್ರು, ಬಣ್ಣ ಚೆನ್ನಾಗಿದೆ ಅಂದ್ರು, ರೇಟು ಪೇಪರಲ್ಲಿ ಬರುತ್ತಲ್ಲ, ವಾಟ್ಸಾಪಲ್ಲೂ ಬರುತ್ತೆ ಅಂದ್ರು. ಆಮೇಲೆ ಕೇಳಿದ್ರು, "ಪುಟ್ಟೀ, ಅವನು ಇವತ್ತು ಬತ್ತಾನ ಇಲ್ವ ಅಂತ ಇದು ಹೇಳುತ್ತನೆ?"

ಹನ್ನೊಂದೂವರೆಗೆ ಮಳೆ ಹಿಡೀತು. ಬೋರ್ಡೋ ಕಲಸಿದ ದಿನಾನೇ ಹೊಡೀಬೇಕು, ಇಟ್ಕೊಂಡ್ರೆ ಅದರ ಶಕ್ತಿ ಹೋಗುತ್ತೆ. ಸಂಜೆ ಆ ಎರಡೂ ಡ್ರಮ್ಮನ್ನ ದೊಡ್ಡಪ್ಪ ಮಾತಾಡದೇ ಚೆಲ್ಲಿ ಬಂದ್ರು. ಹಾಳಾಗಿದ್ದು ಮೈಲುತುತ್ತದ ದುಡ್ಡು ಮಾತ್ರ ಅಲ್ಲ, ಹೊಳವಾಗಿದ್ದ ಒಂದು ಬೆಳಿಗ್ಗೆ, ನೀರು ಹೊರೋಕೆ ಕರೆಸಿದ್ದ ಇಬ್ಬರ ಕೂಲಿ, ಎಲ್ಲಾ ಹೋಯ್ತು.

ಗೋಡೆ ಮೇಲಿನ ಕ್ಯಾಲೆಂಡರಲ್ಲಿ ದೊಡ್ಡಮ್ಮ ನೀಲಿ ಪೆನ್ನಲ್ಲಿ ಎಲ್ಲಾ ಬರೆದಿಟ್ಟಿದ್ರು. ಯಾವ ದಿನ ಅಡ್ವಾನ್ಸ್ ಕೊಟ್ಟಿದ್ದು, ಯಾವ ದಿನ ಬರ್ತೀನಿ ಅಂದಿದ್ದು, ಬರದೇ ಇದ್ದಿದ್ದಕ್ಕೆ ಒಂದು ಅಡ್ಡಗೆರೆ. ಜುಲೈ ಪುಟದಲ್ಲಿ ಆಗಲೇ ಮೂರು ಅಡ್ಡಗೆರೆ ಇತ್ತು, ಅವತ್ತು ನಾಲ್ಕನೇದು ಬಿತ್ತು. ನಮ್ಮ ಹದಿನಾಲ್ಕು ಸ್ಕ್ರೀನಲ್ಲಿ ಇಲ್ಲದೇ ಇದ್ದಿದ್ದು ಅಲ್ಲಿತ್ತು, ಬಾಗಿಲ ಪಕ್ಕದಲ್ಲೇ, ನಾನು ಚಿಕ್ಕವಳಿದ್ದಾಗಿಂದ ನೋಡ್ತಾ ಬಂದ ಜಾಗದಲ್ಲಿ.

ಮಾರನೇ ದಿನ ಸಂಜೆ ದೊಡ್ಡಪ್ಪನ ಜೊತೆ ಕೊನೆಗಾರರ ಮನೆಗೆ ಹೋದೆ. ಅವರ ಮೇಲೆ ನಂಗೂ ಸಿಟ್ಟಿತ್ತು, ಸುಳ್ಳು ಹೇಳಲ್ಲ. ಅವರು ಆಗ ತಾನೇ ಬಂದು ಕಾಲು ತೊಳೀತಿದ್ರು, ಕೈಯೆಲ್ಲಾ ನೀಲಿ. ಫೋನು ಬೈಕಿನ ಹ್ಯಾಂಡಲ್ಲಲ್ಲಿ ಪ್ಲಾಸ್ಟಿಕ್ ಕವರ್ ಒಳಗೆ ನೇತಾಡ್ತಿತ್ತು, ಕೀಪ್ಯಾಡ್ ಫೋನು, ತೆಗೆದು ನೋಡಿದ್ರೆ ಮೂವತ್ತಕ್ಕೂ ಮೇಲೆ ಮಿಸ್ಡ್ ಕಾಲ್. "ಮರದ ಮೇಲಿರೋನು ಫೋನು ಹೆಂಗೆ ಎತ್ಲಿ ಅಕ್ಕಾ? ಕೆಳಗಿಳಿಯೋ ಹೊತ್ತಿಗೆ ಕತ್ಲೆ. ಎಲ್ರಿಗೂ ವಾಪಸ್ ಮಾಡ್ತಾ ಕೂತ್ರೆ ಊಟ ಯಾವಾಗ ಮಾಡ್ಲಿ, ಮಲಗೋದು ಯಾವಾಗ? ಆಗಲ್ಲ ಅಂದ್ರೆ ಬೇಜಾರು ಮಾಡ್ಕೋತಾರೆ, ಅದಕ್ಕೆ ನೋಡಾಣ ಅಂತೀನಿ." ಇಪ್ಪತ್ತೆರಡು ತೋಟದ ಲೆಕ್ಕ ಅವರ ತಲೇಲಿತ್ತು, ಹೊಳವಾದ ದಿನ ಇಪ್ಪತ್ತೆರಡೂ ಮನೆಯೋರಿಗೆ ಅವರೇ ಬೇಕು.

ನಾವು ಏಳು ತಿಂಗಳು ಬೆಳೆಗಾರ ಬೆಳೆಗಾರ ಅಂತ ಬೋರ್ಡಲ್ಲಿ ಬರೀತಿದ್ವಿ, ಈ ಮನುಷ್ಯನ ಹೆಸರೇ ಎಲ್ಲೂ ಇರಲಿಲ್ಲ.

ಬೆಂಗಳೂರಿಗೆ ಫೋನ್ ಮಾಡಿ ಉಳಿದ ಮೂರು ಜನಕ್ಕೆ ಹೇಳ್ದೆ, ಕೋಡ್ ಬರೆಯೋದು ನಿಲ್ಲಿಸಿ, ನಾನು ಮೂರು ವಾರ ಇಲ್ಲೇ ಇರ್ತೀನಿ ಅಂತ. ಒಬ್ಬನಿಗೆ ಸರಿ ಅನ್ನಿಸಲಿಲ್ಲ, ಇಷ್ಟು ಕೆಲಸ ಮಾಡಿಟ್ಟು ಹಿಂಗೆ ಬಿಡೋದಾ ಅಂದ. ಅವನಿಗೆ ಆನ್‌ಲೈನಲ್ಲಿ ಬಸ್ ಟಿಕೆಟ್ ಮಾರೋ ರೆಡ್‌ಬಸ್ ಕಥೆ ನೆನಪು ಮಾಡ್ದೆ. 2005ರ ದೀಪಾವಳಿಗೆ ಊರಿಗೆ ಹೋಗೋಕೆ ಬೆಂಗಳೂರಲ್ಲಿ ಬಸ್ ಟಿಕೆಟ್ ಸಿಗದೇ ಫಣೀಂದ್ರ ಸಾಮಾಗೆ ಹುಟ್ಟಿದ ಯೋಚನೆ ಅದು. ಅವರೂ ಮೊದಲು ಬಸ್ ಮಾಲೀಕರಿಗೆ ಅಂತ ಸಾಫ್ಟ್‌ವೇರ್ ಮಾಡಿದ್ರು, ಮಾಲೀಕರು ಅದು ಬೇಕು ಅನ್ನಲಿಲ್ಲ. ಆಮೇಲೆ ಅವರ ಹತ್ರ ಒಂದಿಷ್ಟು ಸೀಟು ತಗೊಂಡು ಮಾರಿ ಕೊಡ್ತೀವಿ ಅಂತ ಹೊರಟಾಗ 2006ರಲ್ಲಿ ಕೆಲಸ ಕುದುರಿದ್ದು. ಅಷ್ಟು ಹೇಳಿದ್ಮೇಲೆ ಅವನು ಒಪ್ಕೊಂಡ.

ನಾನು ಮಾಡಿದ್ದು ಇಷ್ಟೇ. ಅಂಗಡೀಲಿ ಒಂದು ನೋಟ್‌ಬುಕ್ ತಗೊಂಡೆ. ದಿನಾ ಸಂಜೆ ಆರೂವರೆಗೆ ಕೊನೆಗಾರರ ಮನೆಗೆ ಹೋಗಿ ನಾಳೆ ಎಲ್ಲಿ, ನಾಡಿದ್ದು ಎಲ್ಲಿ ಅಂತ ಕೇಳಿ ಬರ್ಕೊಳೋದು, ಏಳೂವರೆ ಒಳಗೆ ಇಪ್ಪತ್ತೆರಡು ಮನೆಗೂ ಫೋನ್ ಮಾಡಿ "ನಾಳೆ ಬರ್ತಾರೆ, ಕಲಸಿಡಿ" ಅಥವಾ "ನಾಳೆ ಇಲ್ಲ, ಕಲಸಬೇಡಿ" ಅನ್ನೋದು. ಆ್ಯಪ್ ಇಲ್ಲ ಏನಿಲ್ಲ. ಇಲ್ಲ ಅಂದ್ರೆ ಬೈತಾರೆ ಅಂತ ಹೆದರಿದ್ದೆ, ಆದ್ರೆ ಹೆಚ್ಚಿನೋರು "ಹೇಳಿದ್ರಲ್ಲ, ಸಾಕು ಬಿಡಿ" ಅಂದ್ರು. ಐದನೇ ದಿನ ಗಾಳಿಗೆ ಮರ ಬಿದ್ದು ಕರೆಂಟ್ ಹೋಗಿ ಟವರ್ ಸತ್ತು ಯಾರಿಗೂ ಫೋನ್ ಮಾಡೋಕಾಗಲಿಲ್ಲ, ಎಂಟು ಗಂಟೆಗೆ ನೋಡ್ತೀನಿ, ಇಬ್ಬರು ಟಾರ್ಚ್ ಹಿಡ್ಕೊಂಡು ಮಳೇಲೇ ಗದ್ದೆ ದಾಟಿ ಬಂದಿದ್ದಾರೆ, ನಾಳೆ ಹೆಂಗೆ ಅಂತ ಕೇಳೋಕೆ. ಆ ರಾತ್ರಿ ನಂಗೆ ನಿದ್ದೆ ಬರಲಿಲ್ಲ, ಖುಷಿಗೆ. ಏಳು ತಿಂಗಳಲ್ಲಿ ನಮ್ಮ ಆ್ಯಪ್ ಬಂದ್ ಆದ್ರೆ ಯಾರಾದ್ರೂ ಕೇಳ್ಕೊಂಡು ಬರ್ತಾರೆ ಅಂತ ಅನ್ನಿಸಿದ್ದೇ ಇಲ್ಲ.

ಇನ್ನೊಂದು ವಿಷಯ ಹೇಳ್ಲೇಬೇಕು. ಯಾರ ತೋಟ ಎಷ್ಟನೇದು ಅನ್ನೋ ಕ್ಯೂ ಎಲ್ಲರಿಗೂ ಕಾಣೋ ಹಾಗೆ ಮಾಡೋಣ ಅಂತ ಟೀಮಲ್ಲಿ ಎಲ್ಲರೂ ಹೇಳಿದ್ರು, ನಂಗೂ ಹೌದು ಅನ್ನಿಸಿತ್ತು. ಕೊನೆಗಾರರಿಗೆ ಹೇಳಿದಾಗ ಅವರು ಗಾಬರಿ ಬಿದ್ರು. ಕಷ್ಟದಲ್ಲಿ ದುಡ್ಡು ಕೊಟ್ಟ ಮನೆ ಇರುತ್ತೆ, ಅಪ್ಪನ ಕಾಲದಿಂದ ಹೋಗ್ತಿರೋ ಮನೆ ಇರುತ್ತೆ, ಕೊಳೆ ಆಗಲೇ ಶುರುವಾದ ತೋಟ ಇರುತ್ತೆ, ಅವರನ್ನ ಮುಂದೆ ಹಾಕ್ತಾರೆ, ಅದು ಉಳಿದೋರಿಗೆ ಕಂಡ್ರೆ ಊರಲ್ಲಿ ಜಗಳ. ಹಂಗಾಗಿ ನಿಮ್ಮ ಮನೆಗೆ ನಾಳೆ ಹೌದಾ ಇಲ್ವಾ ಅನ್ನೋದು ಮಾತ್ರ ಹೇಳೋದು, ಬೇರೆಯೋರದ್ದು ಹೇಳೋದಿಲ್ಲ ಅಂತ ಆಯ್ತು. ಬೆಂಗಳೂರಲ್ಲಿ ಕೂತು ಕಟ್ಟಿದ್ರೆ ನಾವು ಆ ಕ್ಯೂನೇ ಮೊದಲು ಕಟ್ತಿದ್ವಿ.

ಈಗ ಇರೋದು ಒಂದು ಫೋನ್ ನಂಬರ್. ಸಂಜೆ ಕೊನೆಗಾರರ ಮಗ ತನ್ನ ಮೊಬೈಲಲ್ಲಿ ನಾಳೆಯ ಮನೆಗಳಿಗೆ ಗುರುತು ಹಾಕ್ತಾನೆ, ಅವರದ್ದೇ ದನಿ ರೆಕಾರ್ಡ್ ಮಾಡಿಟ್ಟಿದೆ, ಏಳೂವರೆಗೆ ಎಲ್ಲರಿಗೂ ಕಾಲ್ ಹೋಗುತ್ತೆ, ಕೀಪ್ಯಾಡ್ ಫೋನಿಗೂ ಹೋಗುತ್ತೆ. ಈ ವರ್ಷ ಜೂನಲ್ಲಿ ಅವರಿಗೆ ಭುಜ ಉಳುಕಿ ನಾಲ್ಕು ದಿನ ಕೆಲಸಕ್ಕೆ ಹೋಗೋಕಾಗಲಿಲ್ಲ. ಅವತ್ತು ನಾನು ದೊಡ್ಡಮ್ಮನ ಮನೇಲೇ ಇದ್ದೆ. ಫೋನು ಬಂತು, ಸ್ಪೀಕರಿಗೆ ಹಾಕಿ ಕೇಳಿದ್ರು, ಕ್ಯಾಲೆಂಡರ್ ಹತ್ರ ಹೋಗಿ "ಭುಜ ನೋವು, ಸೋಮವಾರ" ಅಂತ ಬರೆದ್ರು. ಆಮೇಲೆ ದೊಡ್ಡಪ್ಪನಿಗೆ ನಾಳೆ ಅವನ ಮನೆ ಕಡೆ ಒಂದು ಸಲ ಹೋಗಿ ನೋಡ್ಕೊಂಡು ಬನ್ನಿ, ಎಣ್ಣೆ ಕೊಟ್ಟು ಕಳಿಸ್ತೀನಿ ಅಂದ್ರು. ಸುಣ್ಣದ ಚೀಲದ ಬಾಯಿ ಕಟ್ಟಿದ್ದು ಕಟ್ಟಿದ ಹಾಗೇ ಇತ್ತು.